ಕಣ್ಣಿನೊಳಗನ್ನು ಕಂಡ ಹೆಲ್ಮ್‌ಹೋಲ್ಟ್ಸ್

ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ಅವರು 1821ನೆಯ ಇಸವಿ ಆಗಸ್ಟ್ 31ರಂದು ಜರ್ಮನಿಯ ಪಾಟ್ಸ್‌ಡಾಮ್ ನಗರದಲ್ಲಿ ಜನಿಸಿದರು. ತಂದೆ ಅಲ್ಲಿನ ಪ್ರೌಢಶಾಲೆಯ ಉಪಾಧ್ಯಾಯರು. ಬಾಲಕ ಹರ್ಮನ್ ಬಲು ಅಶಕ್ತ. ವ್ಯಾಕರಣದ ಅಪವಾದಗಳನ್ನು ಬಾಯಿಪಾಠ ಮಾಡುವುದೆಂದರೆ ಅವನಿಗೆ ಕಷ್ಟ. ಲ್ಯಾಟಿನ್ ಪಾಠ ನಡೆಯುತ್ತಿರುವಾಗ ಮೇಜಿನ ಕೆಳಗೆ, ದೂರದರ್ಶಕದೊಳಗೆ ಬೆಳಕು ಸಾಗುವ ಬಗೆಯನ್ನು ಲೆಕ್ಕ ಹಾಕುತ್ತಿದ್ದನಂತೆ. ಭಾಷೆ ಕಲಿಸುವ ನನಗೆ ಈ ಸಂಗತಿ ಅಷ್ಟೇನೂ ಹಿತವಲ್ಲ. ಆದರೆ ಆ ಲೆಕ್ಕವೇ ಮುಂದೆ ಉಪಯೋಗಕ್ಕೆ ಬಂತು.

ಭೌತಶಾಸ್ತ್ರ ಓದುವ ಆಸೆಯಿದ್ದರೂ ಮನೆಯಲ್ಲಿ ಹಣವಿರಲಿಲ್ಲ. ಸೈನ್ಯದ ವೈದ್ಯನಾಗಿ ದುಡಿಯಲು ಒಪ್ಪಿದವರಿಗೆ ಬರ್ಲಿನ್ನಿನಲ್ಲಿ ಸರಕಾರದ ವೆಚ್ಚದಲ್ಲಿ ವೈದ್ಯಶಿಕ್ಷಣ ದೊರೆಯುತ್ತಿತ್ತು. ಅವರು ಆ ದಾರಿ ಹಿಡಿದರು. 1849ರಲ್ಲಿ ಕ್ಯೋನಿಗ್ಸ್‌ಬರ್ಗಿನಲ್ಲಿ ಪ್ರಾಧ್ಯಾಪಕರಾದರು.

ಬೆಕ್ಕಿನ ಕಣ್ಣು ಕತ್ತಲೆಯಲ್ಲಿ ದೀಪಕ್ಕೆ ಹೊಳೆಯುವುದನ್ನು ನೀವು ಕಂಡಿದ್ದೀರಿ. ಮನುಷ್ಯನ ಕಣ್ಣಿನ ಪಾಪೆ ಮಾತ್ರ ಕಪ್ಪಾಗಿಯೇ ತೋರುವುದೇಕೆ? ಒಳಗೆ ಹೋದ ಬೆಳಕು ಬಂದ ದಾರಿಯಲ್ಲೇ ದೀಪದ ಕಡೆಗೆ ಮರಳುತ್ತದೆ. ಅದನ್ನು ನೋಡಲೆಂದು ತಲೆಯನ್ನು ನಡುವೆ ತಂದರೆ ದೀಪವೇ ಮರೆಯಾಗುತ್ತದೆ! ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಲು ಪಾಠ ಸಿದ್ಧಪಡಿಸುತ್ತಿದ್ದಾಗ ಹೆಲ್ಮ್‌ಹೋಲ್ಟ್ಸರಿಗೆ ಉಪಾಯ ಹೊಳೆಯಿತು. ಗಾಜಿನ ತೆಳು ಹಲಗೆಯನ್ನು ಓರೆಯಾಗಿ ನಿಲ್ಲಿಸಿದರೆ ಪಕ್ಕದ ದೀಪದ ಬೆಳಕು ಅದರಿಂದ ಪ್ರತಿಫಲಿಸಿ ಕಣ್ಣನ್ನು ಸೇರುತ್ತದೆ. ಮರಳುವ ಬೆಳಕಿನ ಒಂದು ಪಾಲು ಅದೇ ಗಾಜಿನ ಮೂಲಕ ನೋಡುವವನಿಗೆ ಸಿಗುತ್ತದೆ. ರಟ್ಟು, ಅಂಟು, ಕನ್ನಡಕದ ಮಸೂರ, ಸೂಕ್ಷ್ಮದರ್ಶಕದ ಗಾಜುಚೂರು, ಇಷ್ಟೇ ಸಾಮಗ್ರಿ. ಸುಮಾರು ಎಂಟು ದಿನ ಪ್ರಯತ್ನಿಸಿ, 1850ರಲ್ಲಿ ಜೀವಂತ ಮನುಷ್ಯನ ಅಕ್ಷಿಪಟಲವನ್ನೂ ಅದರ ಮೇಲೆ ಹರಡಿದ ರಕ್ತನಾಳಗಳನ್ನೂ ಸ್ಪಷ್ಟವಾಗಿ ಕಂಡರು. ರೋಗದ ಕಣ್ಣಿಗೆ ಬೆಳಕು ಬಿಡುವುದು ಅಪಾಯವೆಂದು ಒಬ್ಬ ಶಸ್ತ್ರವೈದ್ಯರು ಅದನ್ನು ನಿರಾಕರಿಸಿದರು. ತನ್ನ ಕಣ್ಣು ಚೆನ್ನಾಗಿರುವುದರಿಂದ ಅದು ಬೇಡವೆಂದು ಇನ್ನೊಬ್ಬರು ಹೇಳಿದರು!

ಕೆಲವೇ ವರ್ಷಗಳಲ್ಲಿ, ವಿಯೆನ್ನಾದ ಎಡುವರ್ಡ್ ಯೇಗರ್ ಅವರು ಈ ಉಪಕರಣದಿಂದ ಸಿಹಿಮೂತ್ರ ರೋಗಿಯ ಅಕ್ಷಿಪಟಲದಲ್ಲಿನ ವ್ಯತ್ಯಾಸಗಳನ್ನು ಕಂಡು ವರ್ಣಿಸಿದರು. ಹೆಲ್ಮ್‌ಹೋಲ್ಟ್ಸ್ ಭೌತಶಾಸ್ತ್ರಕ್ಕೆ ಮರಳಿ, 1871ರಿಂದ ಬರ್ಲಿನ್ನಿನಲ್ಲಿ ಬೋಧಿಸಿ, 1894 ಸೆಪ್ಟೆಂಬರ್ 8ರಂದು ತೀರಿಕೊಂಡರು.

ಆಗ ಮಧುಮೇಹ ಬಂದ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. 1922ರಲ್ಲಿ ಇನ್ಸುಲಿನ್ ಚಿಕಿತ್ಸೆ ಆರಂಭವಾಗಿ ಅವರ ಆಯುಷ್ಯ ಬೆಳೆಯಿತು. ಅದರೊಂದಿಗೆ ಕಣ್ಣಿನ ತೊಂದರೆಯೂ ಕಾಣಿಸಿತು. ಸಕ್ಕರೆ ಬಹುಕಾಲ ಮಿತಿಮೀರಿದರೆ ಸೂಕ್ಷ್ಮ ರಕ್ತನಾಳದ ಗೋಡೆ ಸಡಿಲಗೊಂಡು ಅಲ್ಲಲ್ಲಿ ಉಬ್ಬುತ್ತದೆ. ಸೂಜಿಮೊನೆಯಂಥ ಆ ಕೆಂಪು ಚುಕ್ಕೆಗಳು ವೈದ್ಯರಿಗೆ ಕಾಣುವಾಗ ಮಗುವಿಗೆ ನೋವಿಲ್ಲ, ಕರಿಹಲಗೆಯ ಅಕ್ಷರವೂ ಸ್ಪಷ್ಟ. ಅಮೆರಿಕ, ಕೆನಡಾಗಳಲ್ಲಿ 13ರಿಂದ 39 ವರ್ಷದೊಳಗಿನ 1,441 ಮಧುಮೇಹಿಗಳ ಅಕ್ಷಿಪಟಲದ ಚಿತ್ರಗಳನ್ನು ಆರು ತಿಂಗಳಿಗೊಮ್ಮೆ ತೆಗೆದು ಪರಿಶೀಲಿಸಲಾಯಿತು. ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟರೆ ಈ ಕೆಡುಕು ಬಹಳಷ್ಟು ತಪ್ಪುವುದೆಂದು 1993ರಲ್ಲಿ ಅದರಿಂದ ತಿಳಿಯಿತು.

ಇನ್ಸುಲಿನ್ ಚುಚ್ಚಿಸಿಕೊಳ್ಳುವ ಮಗುವಿಗೆ ಹನ್ನೊಂದು ವರ್ಷ ತುಂಬಿ, ರೋಗ ಬಂದು ಮೂರರಿಂದ ಐದು ವರ್ಷವಾಗಿದ್ದರೆ, ದೃಷ್ಟಿ ಚೆನ್ನಾಗಿದ್ದರೂ ಒಳಗಣ್ಣನ್ನು ತೋರಿಸತಕ್ಕದ್ದು. ಆಮೇಲೆ ಎಷ್ಟು ಕಾಲಕ್ಕೊಮ್ಮೆ ಎಂಬುದನ್ನು ವೈದ್ಯರು ಹೇಳುತ್ತಾರೆ. ಪಾಪೆ ಅಗಲಿಸುವ ಹನಿ ಹಾಕಿದರೆ ಕೆಲವು ಗಂಟೆ ಹತ್ತಿರದ ಅಕ್ಷರ ಮಂಜಾಗಿರುತ್ತದೆ. ಆದ್ದರಿಂದ ಪಾಲಕರು ಶಾಲಾ ಪರೀಕ್ಷೆಯ ಮುನ್ನಾದಿನವನ್ನು ಬಿಟ್ಟು ಬೇರೆ ದಿನ ಕರೆದೊಯ್ಯುವುದು ಒಳ್ಳೆಯದು.