ಶರಣೆ ಮುಕ್ತಾಯಕ್ಕ

12ನೆಯ ಶತಮಾನದ ಶಿವಶರಣೆಯರಲ್ಲಿ ಮುಕ್ತಾಯಕ್ಕನ ಸ್ಥಾನವು ವಿಶಿಷ್ಟವಾದುದು. ಗದಗಿನ ಸಮೀಪದ ಲಕ್ಕುಂಡಿಯು ಆಕೆಯ ಜನ್ಮಸ್ಥಳವೆಂದು ಪ್ರತೀತಿ. ಅಣ್ಣನಾದ ಅಜಗಣ್ಣನೇ ಆಕೆಗೆ ಗುರು. ಆತನಾದರೋ ಗುಪ್ತಭಕ್ತ, ತನ್ನ ಲಿಂಗನಿಷ್ಠೆಯನ್ನು ಲೋಕಕ್ಕೆ ತೋರಗೊಡದೆ ಮೌನದಿಂದ ಬಾಳಿದವನು. ಆತನು ಲಿಂಗೈಕ್ಯನಾದಾಗ ಒಡಹುಟ್ಟಿದವನೂ ಗುರುವೂ ಆಕೆಯನ್ನು ಏಕಕಾಲದಲ್ಲಿ ಅಗಲಿದಂತಾಯಿತು.

ಶೋಕಮಗ್ನಳಾದ ಆಕೆಯ ಬಳಿಗೆ ಅಲ್ಲಮಪ್ರಭುದೇವರು ಬಂದ ಪ್ರಸಂಗವನ್ನು ಶೂನ್ಯಸಂಪಾದನೆಯು ವಿಸ್ತಾರವಾಗಿ ನಿರೂಪಿಸಿದೆ. ಆ ಗ್ರಂಥವನ್ನು ಪರಿಷ್ಕರಿಸಿದವರಲ್ಲಿ ಒಬ್ಬರಾದ ಸಿದ್ಧವೀರಣ್ಣೊಡೆಯರು ನಮ್ಮ ತುಮಕೂರು ಸೀಮೆಯ ಗೂಳೂರಿನವರೆಂಬುದು ನಮಗೆ ಅಭಿಮಾನದ ಸಂಗತಿ.

ಆಕೆ ಯಾರು, ದುಃಖಕ್ಕೆ ಕಾರಣವೇನು ಎಂದು ಪ್ರಭುದೇವರು ಮೊದಲು ವಿಚಾರಿಸಿದರು. ಅರಿತವರು ಅಳುವುದು ತರವಲ್ಲವೆಂದೂ ಎಚ್ಚರಿಸಿದರು. ಆದರೆ ಅಕ್ಕನು ಅಷ್ಟಕ್ಕೇ ಸಮಾಧಾನ ಹೊಂದಲಿಲ್ಲ. ಮೌನಿಯಾದ ಅಣ್ಣನನ್ನು ಕಂಡವಳು ಆಕೆ. ನಿಜವನ್ನು ಅರಿತವನಿಗೆ ಮಾತಿನ ಹಂಗೇಕೆಂದು ಪ್ರಭುವನ್ನೇ ಪ್ರಶ್ನಿಸಿದಳು. ಪ್ರಭುದೇವರು ಅದನ್ನು ಉದ್ಧಟತನವೆಂದು ಬಗೆಯಲಿಲ್ಲ. ಒಂದೊಂದು ಸಂಶಯಕ್ಕೂ ಕಿವಿಗೊಟ್ಟರು. ಲೋಕಹಿತಕ್ಕಾಗಿ ಆಡುವ ಮಾತು ಬಂಧನವಾಗದೆಂದು ತಿಳಿಯಹೇಳಿದರು. ಕಡೆಗೆ ಆಕೆಯು ಪ್ರಭುವಿನ ನಿಲವನ್ನು ಮನಗಂಡಳು. ಶೋಕವು ಅರಿವಾಗಿ ಪರಿಣಮಿಸಿತು. ಅಣ್ಣನ ಹೆಸರಾದರೋ ಆಕೆಯ ವಚನಗಳ ಅಂಕಿತವಾಗಿ ಇಂದಿಗೂ ಉಳಿದಿದೆ.

ಸದ್ಭಕ್ತರೇ, ಸಾವಿನ ಮನೆಗೆ ಹೋದ ನಾವು ಹುಟ್ಟಿದವರು ಸಾಯಲೇಬೇಕೆಂದು ಒಂದು ಮಾತನಾಡಿ ಎದ್ದುಬರುತ್ತೇವೆ. ಆ ಮಾತು ಸತ್ಯವೇ. ಆದರೆ ನೊಂದವರ ಮಾತು ಮುಗಿಯುವ ಮುನ್ನ ಅದು ಅವರ ಎದೆಗಿಳಿಯದು. ತಂಗಿಯಾಗಲಿ, ಮಡದಿಯಾಗಲಿ, ಅಳುತ್ತಾ ಕಟುವಾಗಿ ಪ್ರಶ್ನಿಸಿದರೆ ಸೈರಣೆಯಿಂದ ಆಲಿಸೋಣ. ಅದೂ ಶರಣಧರ್ಮವೇ.