ಗಡಿಯಾರ ಬಿಚ್ಚಿದ ಕಂಪೈಲರ್ ಅಜ್ಜಿ

ನಾನು ಟಿ.ನರಸೀಪುರದವಳು. ದಿನಾ ಬಸ್ಸು ಹತ್ತಿ ನಂಜನಗೂಡಿಗೆ ಹೋಗಿ ಬಿಸಿಎ ಓದುತ್ತೇನೆ. ನಿನ್ನ ಫೇವರಿಟ್ ಹೀರೊಯಿನ್ ಯಾರೆಂದು ಗೆಳತಿಯರು ಕೇಳಿದರೆ ಗ್ರೇಸ್ ಹಾಪರ್ ಅನ್ನುತ್ತೇನೆ. ಯಾವ ಸಿನಿಮಾದವಳೇ ಅದು ಅಂತ ನಗುತ್ತಾರೆ. ಆಕೆ ಗಣಿತದ ಟೀಚರ್, ಅಮೆರಿಕದ ನೌಕಾಪಡೆಯ ಅಧಿಕಾರಿ. 1992ರ ಜನವರಿ 1ರಂದು 85ನೇ ವಯಸ್ಸಿನಲ್ಲಿ ತೀರಿಕೊಂಡ ಅಜ್ಜಿ. ಲ್ಯಾಬಿನಲ್ಲಿ ಕಪ್ಪು ಪರದೆಯ ಮುಂದೆ ಕೂತು ಬೆವರುವ ಎಲ್ಲರಿಗೂ ಈಕೆಯ ಕತೆ ಗೊತ್ತಿರಬೇಕು.

ಗ್ರೇಸ್ ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ನ್ಯೂಯಾರ್ಕಿನಲ್ಲಿ. ಏಳು ವರ್ಷದವಳಿದ್ದಾಗ ಅಲಾರಂ ಗಡಿಯಾರ ಹೇಗೆ ನಡೆಯುತ್ತದೆ ಎಂದು ನೋಡಲು ಒಂದನ್ನು ಬಿಚ್ಚಿದಳು. ಜೋಡಿಸಲು ಬರಲಿಲ್ಲ. ಇನ್ನೊಂದು ಬಿಚ್ಚಿದಳು. ಹೀಗೆ ಮನೆಯ ಏಳು ಗಡಿಯಾರಗಳೂ ಬಿಡಿಭಾಗವಾದ ಮೇಲೆ, ಇನ್ನು ಒಂದರ ಜೊತೆ ಮಾತ್ರ ಆಟ ಎಂದು ಅಮ್ಮ ಮಿತಿ ಹಾಕಿದರು. ಓದಿನಲ್ಲೂ ದಾರಿ ಸಲೀಸಾಗಿರಲಿಲ್ಲ. ಲ್ಯಾಟಿನ್ ಪರೀಕ್ಷೆಯಲ್ಲಿ ಫೇಲಾಗಿ ವಾಸರ್ ಕಾಲೇಜಿಗೆ ಒಂದು ವರ್ಷ ತಡವಾಗಿ ಸೇರಿದಳು. ಒಂದು ಭಾಷೆಯಲ್ಲಿ ಸೋತವಳು 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಪಿಎಚ್.ಡಿ. ಪಡೆದಳು.

ಎರಡನೇ ಮಹಾಯುದ್ಧದಲ್ಲಿ ನೌಕಾಪಡೆ ಸೇರಲು ಹೋದಾಗ ವಯಸ್ಸು ಹೆಚ್ಚಾಯಿತು, ತೂಕ ಕಡಿಮೆಯಾಯಿತು ಎಂಬ ಅಡ್ಡಿ. ತೂಕದಲ್ಲಿ ವಿನಾಯಿತಿ ಪಡೆದು 1943ರಲ್ಲಿ ಸೇರಿಯೇಬಿಟ್ಟಳು. ಮರುವರ್ಷ ಹಾರ್ವರ್ಡಿನ ಮಾರ್ಕ್-1 ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯುವ ಕೆಲಸ. ಅದರ ಉದ್ದ 51 ಅಡಿ! ಕಾಗದದ ಪಟ್ಟಿಯಲ್ಲಿ ತೂತು ಕೊರೆದು ಆದೇಶ ಕೊಡಬೇಕಿತ್ತು. 1947ರಲ್ಲಿ ಮಾರ್ಕ್-2 ಯಂತ್ರದ ರಿಲೇಯೊಂದರಲ್ಲಿ ಪತಂಗ ಸಿಕ್ಕಿಕೊಂಡಿತ್ತು. ಅಲ್ಲಿನವರು ಅದನ್ನು ಲಾಗ್ ಪುಸ್ತಕಕ್ಕೆ ಟೇಪು ಹಾಕಿ ಅಂಟಿಸಿದರು. ಬಗ್ ಎಂಬ ಪದ ಅದಕ್ಕೂ ಮೊದಲೇ ಎಂಜಿನಿಯರ್‌ಗಳ ಬಾಯಲ್ಲಿತ್ತು, ಪತಂಗವನ್ನು ಹಿಡಿದದ್ದೂ ಹಾಪರ್ ಅಲ್ಲ. ಆದರೆ ಆ ಕತೆಯನ್ನು ಊರೂರಿಗೆ ಹೇಳಿ ಜನಪ್ರಿಯ ಮಾಡಿದವಳು ಅವಳೇ. ಊಹೆ ಮಾಡುತ್ತಾ ಕೂರದೆ ಯಂತ್ರ ತೆಗೆದು ನೋಡು ಎಂಬುದೇ ನನಗೆ ಅದರಲ್ಲಿ ಕಂಡ ಪಾಠ.

ಆ ಪಾಠ ನಮ್ಮ ಲ್ಯಾಬಿನಲ್ಲೇ ಕೆಲಸಕ್ಕೆ ಬಂತು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಮ್ಮಿನಲ್ಲಿ ಓದಿದ ನನ್ನ ಗೆಳತಿಯೊಬ್ಬಳು ಮೊದಲ ಸಿ ಪ್ರೋಗ್ರಾಮ್ ಬರೆದು, ಕಮಾಂಡ್ ಪ್ರಾಂಪ್ಟಿನಲ್ಲಿ ಜಿಸಿಸಿ ಎಂದು ಟೈಪ್ ಮಾಡಿದಳು. ಅಂಥ ಕಮಾಂಡೇ ಗೊತ್ತಿಲ್ಲ ಎಂಬರ್ಥದ ಇಂಗ್ಲಿಷ್ ಸಾಲು ಬಂತು. ವಾರವಿಡೀ ಅದೇ ಸಾಲು. ತನಗೆ ಇಂಗ್ಲಿಷ್ ಸರಿಯಾಗಿ ಬಾರದ್ದಕ್ಕೇ ಹೀಗಾಗುತ್ತಿದೆ ಎಂದುಕೊಂಡು ಕೋರ್ಸೇ ಬಿಡುವ ಮಾತಾಡಿದಳು. ಅದೇ ಫೈಲನ್ನು ಪಕ್ಕದ ಕಂಪ್ಯೂಟರಿನಲ್ಲಿ ಹಾಕಿ ನೋಡಿದೆವು, ಓಡಿತು! ಅಂದಮೇಲೆ ಪ್ರೋಗ್ರಾಮ್ ಸರಿಯಿದೆ. ಅವಳ ಕಂಪ್ಯೂಟರಿನಲ್ಲೂ ಕಂಪೈಲರ್ ಇತ್ತು, ಆದರೆ ಅದಿರುವ ಫೋಲ್ಡರಿನ ವಿಳಾಸವನ್ನು ಪಾತ್ ಎಂಬ ಪಟ್ಟಿಗೆ ಯಾರೂ ಸೇರಿಸಿರಲಿಲ್ಲ. ಸೇರಿಸಿ, ಹೊಸದಾಗಿ ಕಮಾಂಡ್ ಪ್ರಾಂಪ್ಟ್ ತೆರೆದ ಮೇಲೆ ಸಮಸ್ಯೆ ಮುಗಿಯಿತು. ಈಗ ಅವಳೇ ಜೂನಿಯರ್‌ಗಳಿಗೆ ಇದನ್ನು ಹೇಳಿಕೊಡುತ್ತಾಳೆ.

ಕಂಪೈಲರ್ ಹುಟ್ಟಿದ್ದೇ ಮನುಷ್ಯರು ತಪ್ಪು ಮಾಡುತ್ತಾರೆ ಎಂಬ ಕಾರಣಕ್ಕೆ. ಒಮ್ಮೆ ಬರೆದ ಪ್ರೋಗ್ರಾಮಿನ ತುಣುಕುಗಳನ್ನು ಹಾಪರ್‌ಳ ಜೊತೆಗಾರರು ಒಬ್ಬರ ನೋಟ್‌ಬುಕ್ಕಿನಿಂದ ಇನ್ನೊಬ್ಬರು ಕೈಯಲ್ಲೇ ನಕಲು ಮಾಡುತ್ತಿದ್ದರು. ನಕಲಿನಲ್ಲಿ ತಪ್ಪು, ವಿಳಾಸದ ಅಂಕಿ ಕೂಡುವಲ್ಲೂ ತಪ್ಪು. ಆ ಕೆಲಸವನ್ನು ಯಂತ್ರಕ್ಕೇ ಒಪ್ಪಿಸಿದರೆ ಹೇಗೆ ಎಂದು ಯೋಚಿಸಿ 1952ರಲ್ಲಿ ಎ-0 ಎಂಬ ಕಂಪೈಲರ್ ರೂಪಿಸಿದಳು. ನಂಜನಗೂಡು ದಾಟಿ ಹರಿಯುವ ಕಪಿಲೆ ನಮ್ಮೂರ ಸಂಗಮದಲ್ಲಿ ಕಾವೇರಿಯನ್ನು ಸೇರುವ ಹಾಗೆ, ಟೇಪಿನಲ್ಲಿದ್ದ ಬೇರೆ ಬೇರೆ ತುಣುಕುಗಳನ್ನು ಅದು ಸೇರಿಸಿ ಒಂದೇ ಪ್ರೋಗ್ರಾಮ್ ಮಾಡುತ್ತಿತ್ತು. ಕಂಪ್ಯೂಟರ್ ಲೆಕ್ಕ ಮಾತ್ರ ಮಾಡಬಲ್ಲದು, ಪ್ರೋಗ್ರಾಮ್ ಬರೆಯಲಾರದು ಎಂದು ಅನೇಕರು ನಂಬಲೇ ಇಲ್ಲ.

ಆಮೇಲೆ ಇಂಗ್ಲಿಷ್ ಪದಗಳಲ್ಲೇ ಆದೇಶ ಕೊಡುವ ಫ್ಲೋ-ಮ್ಯಾಟಿಕ್ ಬಂತು. ಅದನ್ನು ತೋರಿಸುವಾಗ ಆಕೆ ಇಂಗ್ಲಿಷ್ ಪದಗಳ ಜಾಗದಲ್ಲಿ ಫ್ರೆಂಚ್, ಜರ್ಮನ್ ಪದಗಳನ್ನಿಟ್ಟೂ ಓಡಿಸಿ ತೋರಿಸಿದಳು. ಕಂಪನಿಯ ಮೇಲಧಿಕಾರಿಗಳು ಗಾಬರಿಯಾದರಂತೆ! ಯಂತ್ರಕ್ಕೆ ಇಂಗ್ಲಿಷ್ ಮಾತೃಭಾಷೆಯಲ್ಲ, ಅದಕ್ಕೆ ಎಲ್ಲ ಪದಗಳೂ ಬರೀ ಗುರುತುಗಳು. ಕನ್ನಡ ಮೀಡಿಯಮ್ಮಿನಿಂದ ಬಂದವರು ಇದನ್ನು ನೆನಪಿಟ್ಟುಕೊಂಡರೆ ಅರ್ಧ ಭಯ ಹೋಗುತ್ತದೆ. 1959ರಲ್ಲಿ ಶುರುವಾದ ಕೋಬಾಲ್ ಭಾಷೆಗೂ ಫ್ಲೋ-ಮ್ಯಾಟಿಕ್ ದೊಡ್ಡ ಆಧಾರವಾಯಿತು.

ನೌಕಾಪಡೆ ಆಕೆಯನ್ನು 1966ರಲ್ಲಿ ನಿವೃತ್ತಿ ಮಾಡಿ ಕಳಿಸಿತು. ಮರುವರ್ಷವೇ ಆರು ತಿಂಗಳ ಮಟ್ಟಿಗೆ ಎಂದು ವಾಪಸ್ ಕರೆಯಿತು. ಕೊನೆಯದಾಗಿ ನಿವೃತ್ತಿಯಾದದ್ದು 1986ರಲ್ಲಿ, 79ನೇ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಪದವಿಯಲ್ಲಿ. ಭಾಷಣಕ್ಕೆ ಹೋದಲ್ಲೆಲ್ಲ ಸುಮಾರು 30 ಸೆಂಟಿಮೀಟರ್ ಉದ್ದದ ತಂತಿ ತುಂಡು ಹಂಚುತ್ತಿದ್ದಳು. ಒಂದು ನ್ಯಾನೊಸೆಕೆಂಡಿನಲ್ಲಿ ವಿದ್ಯುತ್ ಸಂಕೇತ ಹೆಚ್ಚೆಂದರೆ ಅಷ್ಟು ದೂರ ಹೋಗಬಲ್ಲದು ಎಂದು ಕೈಗೆ ಕೊಟ್ಟೇ ತೋರಿಸುವ ರೀತಿ ಅದು.

ಗೆಳೆಯರೇ, ಮುಂದಿನ ಸಲ ಪರದೆ ತುಂಬ ಎರರ್ ಬಂದರೆ ವಿಂಡೋ ಮುಚ್ಚಬೇಡಿ. ಕಮಾಂಡೇ ಸಿಗುತ್ತಿಲ್ಲ ಎಂದರೆ ಪಾತ್ ನೋಡಿ. ಫೈಲ್ ಸಿಗುತ್ತಿಲ್ಲ ಎಂದರೆ ಯಾವ ಫೋಲ್ಡರಿನಲ್ಲಿದ್ದೀರಿ, ನೋಟ್‌ಪ್ಯಾಡ್ ಡಾಟ್ ಸಿ ಹಿಂದೆ ಡಾಟ್ ಟಿಎಕ್ಸ್‌ಟಿ ಅಂಟಿಸಿದೆಯೇ ನೋಡಿ. ಇಪ್ಪತ್ತು ಎರರ್ ಇದ್ದರೂ ಮೊದಲನೆಯದನ್ನು ಮಾತ್ರ ಓದಿ. ಅದರಲ್ಲಿ ಸಾಲಿನ ಸಂಖ್ಯೆ ಇರುತ್ತದೆ. ಆ ಸಾಲು ಸರಿಯಿದ್ದರೆ ಅದರ ಮೇಲಿನ ಸಾಲಿನಲ್ಲಿ ಸೆಮಿಕೋಲನ್ ಬಿಟ್ಟಿರಬಹುದು. ಅದನ್ನು ಸರಿಮಾಡಿದರೆ ಉಳಿದವು ಎಷ್ಟೋ ಸಲ ತಾವೇ ಮಾಯ. ಲಿನಕ್ಸಿನಲ್ಲಿ ಕಂಪೈಲ್ ಆಗಿಯೂ ಓಡದಿದ್ದರೆ ಹೆಸರಿಗಿಂತ ಮೊದಲು ಡಾಟ್, ಸ್ಲ್ಯಾಷ್ ಹಾಕಿ. ಓಡಿಯೂ ಉತ್ತರ ತಪ್ಪು ಬಂದರೆ ಕಂಪೈಲರ್ ಏನೂ ಹೇಳಲಾರದು, ಪೆನ್ನು ಕಾಗದ ಹಿಡಿದು ನಾವೇ ಲೆಕ್ಕ ಹಾಕಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮತ್ತೆ ಓಡಿಸಿ ನೋಡಿ. ಎರರ್ ನಮ್ಮ ಮಾರ್ಕ್ಸ್ ಕಾರ್ಡ್ ಅಲ್ಲ, ಎಲ್ಲಿ ನೋಡಬೇಕೆಂದು ತೋರಿಸುವ ಬೋರ್ಡು.