ಒಂದು ಅಂಕದ ಉತ್ತರದಾಚೆ ಸಿರಿಮಾವೊ

ಜಗತ್ತಿನ ಮೊದಲ ಮಹಿಳಾ ಪ್ರಧಾನಿ ಯಾರು? ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವ ನಮ್ಮ ಜಮಖಂಡಿಯ ಗೆಳೆಯರು ಥಟ್ಟನೆ ಸಿರಿಮಾವೊ ಬಂಡಾರನಾಯಕೆ ಎನ್ನುತ್ತಾರೆ. ಒಂದು ಅಂಕ ಬರುತ್ತದೆ, ಆಕೆಯ ಕಥೆ ಅಲ್ಲಿಗೇ ನಿಲ್ಲುತ್ತದೆ.

1916ರ ಏಪ್ರಿಲ್ 17ರಂದು ಸಿಲೋನಿನ ಸಿರಿವಂತ ರತ್ವತ್ತೆ ಮನೆತನದಲ್ಲಿ ಹುಟ್ಟಿದವರು. 1959ರಲ್ಲಿ ಪ್ರಧಾನಿಯಾಗಿದ್ದ ಪತಿಯನ್ನು ಬೌದ್ಧ ಭಿಕ್ಷುವೊಬ್ಬ ಗುಂಡಿಟ್ಟು ಕೊಂದ. ಮೂವರು ಮಕ್ಕಳ ತಾಯಿ, ಮರುವರ್ಷ ಜುಲೈನಲ್ಲಿ ತಾವೇ ಪ್ರಧಾನಿಯಾದರು. ಅಳುವ ವಿಧವೆ ಎಂದು ಹಂಗಿಸಿದವರಿಗೆ ಕೊರತೆಯಿರಲಿಲ್ಲ.

ಪುಟ್ಟ ದ್ವೀಪಕ್ಕೆ ದೊಡ್ಡ ಸೈನ್ಯವಿಲ್ಲ, ಸ್ನೇಹವೇ ಬಂಡವಾಳ. 1962ರಲ್ಲಿ ಭಾರತ–ಚೀನಾ ಯುದ್ಧವಾದಾಗ ಸಿರಿಮಾವೊ ಆರು ಅಲಿಪ್ತ ದೇಶಗಳನ್ನು ಕೊಲಂಬೊದಲ್ಲಿ ಸೇರಿಸಿ, ಸಂಧಾನದ ಸೂತ್ರ ಹಿಡಿದು ಪೀಕಿಂಗ್‌ಗೂ ದೆಹಲಿಗೂ ಹೋದರು. ಭಾರತ ಒಪ್ಪಿತು, ಚೀನಾ ಪೂರ್ತಿ ಒಪ್ಪಲಿಲ್ಲ. 1971ರ ಏಪ್ರಿಲ್‌ನಲ್ಲಿ ಯುವಕರು ದಂಗೆಯೆದ್ದಾಗ ಭಾರತ ಹೆಲಿಕಾಪ್ಟರ್ ಕಳಿಸಿ ನೆರವಾಯಿತು. ಅದೇ ವರ್ಷ ಪೂರ್ವ ಪಾಕಿಸ್ತಾನಕ್ಕೆ ಹೊರಟ ಪಾಕ್ ವಿಮಾನಗಳಿಗೆ ಕೊಲಂಬೊದಲ್ಲಿ ಇಳಿಯಲು ಅವಕಾಶವೂ ಸಿಕ್ಕಿತು! ಜಾಣತನವೋ ಕೃತಘ್ನತೆಯೋ, ಎರಡೂ ಇದ್ದೀತು.

ನನಗೆ ಹೆಚ್ಚು ಕಾಡುವುದು ಬೇರೆಯದೇ ವಿಷಯ. ಬ್ರಿಟಿಷರು ತಮಿಳುನಾಡಿನಿಂದ ಚಹಾ ತೋಟಗಳಿಗೆ ಒಯ್ದ ಕೂಲಿಗಳ ಮಕ್ಕಳು ಮೊಮ್ಮಕ್ಕಳಿಗೆ 1948ರ ನಂತರ ಯಾವ ದೇಶದ ಪೌರತ್ವವೂ ಇರಲಿಲ್ಲ. ಅವರ ಸಂಖ್ಯೆ ಸುಮಾರು 9,75,000. 1964ರ ಅಕ್ಟೋಬರ್ 30ರಂದು ಸಿರಿಮಾವೊ ಮತ್ತು ಶಾಸ್ತ್ರೀಜಿ ಒಪ್ಪಂದಕ್ಕೆ ಸಹಿ ಹಾಕಿದರು. 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ. ಉಳಿದ ಒಂದೂವರೆ ಲಕ್ಷವನ್ನು 1974ರಲ್ಲಿ ಇಂದಿರಾ ಗಾಂಧಿಯವರ ಜೊತೆ ಸಮನಾಗಿ ಹಂಚಿಕೊಂಡರು. ಆ ಕೂಲಿಗಳನ್ನು ಮಾತ್ರ ಯಾರೂ ಕೇಳಲಿಲ್ಲ. ನಮ್ಮ ಕಡೆ ಕಬ್ಬು ಕಡಿಯಲು ಮಹಾರಾಷ್ಟ್ರದಿಂದ ಬರುವ ಗ್ಯಾಂಗಿನವರಿಗೆ ಸೀಜನ್ ಮುಗಿದ ಮೇಲೆ ಮರಳಲು ಊರಿದೆ. ಇವರು ಮರಳಿದ್ದು ತಾವು ಹುಟ್ಟಿರದ ದೇಶಕ್ಕೆ. ಕೆಲವು ಕುಟುಂಬಗಳು ನಮ್ಮ ರಾಜ್ಯದ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಿಗೆ ಬಂದು ನೆಲೆಸಿದವು. ಒಪ್ಪಂದ ದೆಹಲಿಯಲ್ಲಾದರೂ ಅದರ ಫಲ ಉಂಡವರು ಬೆಳಗಾಗುವ ಮೊದಲೇ ರಬ್ಬರ್ ಹಾಲು ತೆಗೆಯಲು ಹೊರಟರು.

1976ರಲ್ಲಿ ಅಲಿಪ್ತ ಶೃಂಗಸಭೆ ಕೊಲಂಬೊದಲ್ಲೇ ನಡೆದು ಸಿರಿಮಾವೊ ಅದರ ಅಧ್ಯಕ್ಷೆಯಾದರು. ಮರುವರ್ಷ ಜನ ಸೋಲಿಸಿದರು. 1980ರಲ್ಲಿ ನಾಗರಿಕ ಹಕ್ಕುಗಳನ್ನೇ ಕಿತ್ತುಕೊಳ್ಳಲಾಯಿತು. 1994ರಲ್ಲಿ ಮಗಳು ಚಂದ್ರಿಕಾ ರಾಷ್ಟ್ರಪತಿಯಾದಾಗ ತಾಯಿ ಮೂರನೇ ಬಾರಿ ಪ್ರಧಾನಿಯಾದರು, ಆದರೆ ಅಧಿಕಾರವೆಲ್ಲ ಮಗಳ ಕೈಯಲ್ಲಿತ್ತು. 2000ರ ಅಕ್ಟೋಬರ್ 10, ಸಂಸತ್ ಚುನಾವಣೆಯ ದಿನ. 84ರ ಸಿರಿಮಾವೊ ಮತ ಹಾಕಿ ಮರಳುವಾಗ ದಾರಿಯಲ್ಲಿ ಹೃದಯಾಘಾತವಾಗಿ ತೀರಿಕೊಂಡರು.